ಮಾವನ ಟೆಸ್ಟರ್

ಕಳೆದ ಬೇಸಿಗೆಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ ನೋಡೋಣ ಅಂತ ಒಂದು ಆರ್‌ವಿ ಬಾಡಿಗೆಗೆ ತಗೊಂಡೆವು. ಅಡುಗೆಮನೆ, ಹಾಸಿಗೆ, ಕಕ್ಕಸು ಎಲ್ಲ ಇರುವ, ಚಕ್ರದ ಮೇಲಿನ ಮನೆ. ತಿಪಟೂರಿನಿಂದ ಬಂದಿದ್ದ ಅತ್ತೆ ಮಾವನೂ ಜೊತೆಗಿದ್ದರು. ಮಾವ ಕೆಇಬಿಯಲ್ಲಿ ಲೈನ್‌ಮನ್ ಆಗಿ ರಿಟೈರ್ ಆದವರು. ಅತ್ತೆಯ ಸೂಟ್‌ಕೇಸಿನಲ್ಲಿ ಹಪ್ಪಳ, ಚಟ್ನಿಪುಡಿ ಬಂದರೆ ಇವರದರಲ್ಲಿ ಬಂದದ್ದು ಒಂದು ಟೆಸ್ಟರ್.

ಕ್ಯಾಂಪ್‌ಗ್ರೌಂಡ್ ತಲುಪಿದಾಗ ಅರಿಜೋನಾದ ಬಿಸಿಲಿಗೆ ಎಲ್ಲರೂ ಬೆಂದುಹೋಗಿದ್ದೆವು. ಗಾಡಿ ನಿಲ್ಲಿಸುವ ಪ್ರತಿ ಜಾಗಕ್ಕೂ ಒಂದು ಗಿಡ್ಡ ಕಂಬ, ಅದರಲ್ಲಿ ಸಾಕೆಟ್ಟು, ಬ್ರೇಕರ್. ನಮ್ಮದು ಮೂರು ಪಿನ್ನಿನ 30 ಆಂಪ್. ಬಾಡಿಗೆಗೆ ಕೊಟ್ಟವರು ಕರೆಂಟಿನ ಏರುಪೇರು, ವೈರಿಂಗ್ ತಪ್ಪು ಹಿಡಿಯುವ ಒಂದು ಸರ್ಜ್ ಪ್ರೊಟೆಕ್ಟರ್ ಕೊಟ್ಟು, 'ಬ್ರೇಕರ್ ಆಫ್ ಮಾಡಿ ಇದನ್ನು ಸಿಕ್ಕಿಸಿ, ಆನ್ ಮಾಡಿ ದೀಪ ನೋಡಿ, ಸರಿಯಿದ್ದರೆ ಮತ್ತೆ ಆಫ್ ಮಾಡಿ ಗಾಡಿಯ ಕೇಬಲ್ ಹಾಕಿ' ಅಂತ ಪಾಠ ಹೇಳಿದ್ದರು. ಅದು ರವೆ ಚೀಲದ ಅಡಿಯಲ್ಲೆಲ್ಲೋ ಸೇರಿಕೊಂಡಿತ್ತು. ಪ್ಲಗ್ ಹಾಕುವುದಕ್ಕೆ ಇಷ್ಟು ಪೂಜೆ ಯಾಕೆ ಅಂತ ನೇರವಾಗಿ ಕೇಬಲ್ ಚುಚ್ಚಿದೆ. ಚಟ್ ಅಂತ ನೀಲಿ ಕಿಡಿ ಹಾರಿತು.

"ಅಳಿಯಂದ್ರೇ, ಬ್ರೇಕರ್ ಆನ್ ಇತ್ತಲ್ವಾ?"

"ಇಲ್ಲಿ ಬರೀ 120 ವೋಲ್ಟ್ ಮಾವ, ನಮ್ಮೂರಿನ ಹಾಗೆ 230 ಅಲ್ಲ."

"ಸಾಯೋಕೆ ಅಷ್ಟು ಸಾಕು."

ನೀರಿನ ಪೈಪ್ ಹಾಕಿ, ಒದ್ದೆ ಬರಿಗಾಲಲ್ಲೇ ಬಂದು ಬಾಗಿಲ ಹಿಡಿ ಹಿಡಿದೆ ನೋಡಿ, ಮೊಣಕೈವರೆಗೂ ಜುಂ ಅಂತು! ಮಾವ ಗಾಡಿಯ ಮೈಗೆ ಟೆಸ್ಟರ್ ಇಟ್ಟರು. ಕೆಂಪಗೆ ಹತ್ತಿಕೊಂಡಿತು. "ಯಾರೂ ಕೆಳಗೆ ಇಳೀಬೇಡಿ!" ಅಂತ ಕೂಗಿ ಮೊದಲು ಬ್ರೇಕರ್ ಇಳಿಸಿದರು, ಆಮೇಲೆ ಕೇಬಲ್ ಕಿತ್ತರು. ರವೆ ಚೀಲ ಸರಿಸಿ ಪ್ರೊಟೆಕ್ಟರ್ ಹುಡುಕಿ ಹಾಕಿದರೆ, ಕಂಬಕ್ಕೆ ಅರ್ಥಿಂಗೇ ಇಲ್ಲ ಅಂತ ಅದರ ದೀಪ ಹೇಳಿತು. ಗಾಡಿಯೊಳಗೆ ಎಲ್ಲೋ ಲೀಕಾದ ಕರೆಂಟು ವಾಪಸ್ ಹೋಗಲು ಅರ್ಥಿಂಗ್ ತಂತಿಯ ದಾರಿಯಿಲ್ಲದೆ ಗಾಡಿಯ ಮೈಯಲ್ಲೇ ನಿಂತು, ದಾರಿಗಾಗಿ ನನ್ನನ್ನು ಕಾಯುತ್ತಿತ್ತು.

ಆಫೀಸಿನವರು ಕೈಮುಗಿಯುವುದೊಂದು ಬಾಕಿ, ಪಕ್ಕದ ಜಾಗ ಕೊಟ್ಟರು. ಅಲ್ಲಿ ಎಲ್ಲಾ ಪೂಜೆ ಕ್ರಮವಾಗಿ ಮಾಡಿದೆ. ಆದರೂ ಸಂಜೆ ಎಲ್ಲರ ಎಸಿ ಒಟ್ಟಿಗೆ ಶುರುವಾಗಿ ವೋಲ್ಟೇಜ್ ಬಿತ್ತು, ಪ್ರೊಟೆಕ್ಟರ್ ಕರೆಂಟು ಕಡಿದುಹಾಕಿತು. ಲೋ ವೋಲ್ಟೇಜಿಗೆ ಎಸಿ ಸುಟ್ಟುಹೋಗದಿರಲಿ ಅಂತ ಅದು ಹಾಗೆ ಮಾಡುತ್ತದಂತೆ. ತಿಪಟೂರಿನ ತೆಂಗಿನ ತೋಟದ ಪಂಪ್‌ಸೆಟ್ಟಿಗೂ ಇದೇ ಗತಿ ಅಂತ ಮಾವನಿಗೆ ಒಳಗೊಳಗೇ ಖುಷಿ. ಬೆಳಿಗ್ಗೆ ಎಸಿ, ಮೈಕ್ರೋವೇವ್ ಓಡುತ್ತಿರುವಾಗಲೇ ಹೆಂಡತಿ ಚಟ್ನಿಗೆ ಮಿಕ್ಸಿ ಹಾಕಿದಳು. 30 ಆಂಪ್ ಅಂದರೆ ಎಲ್ಲಾ ಸೇರಿ 3600 ವ್ಯಾಟ್ ಅಷ್ಟೇ. ಬ್ರೇಕರ್ ಬಿತ್ತು.

ಅರ್ಧ ಗಂಟೆಯಲ್ಲಿ ಫ್ರಿಜ್ಜಿನ ಮೇಲೆ ಚೀಟಿ: 'ಬೆಳಿಗ್ಗೆ 7ರಿಂದ 7.15, ಚಟ್ನಿ. ಎಸಿ ಬಂದ್. ಗ್ರಾಹಕರು ಸಹಕರಿಸಬೇಕು.' ಕೆಳಗೆ ಮಾವನ ಸಹಿ.