ನ್ಯಾಯಮೂರ್ತಿಯ ಹೆಸರು ಬೇಕು, ಅವರ ‘ಆಗದು’ ಬೇಡ

ಹಗರಣ ಹೊರಬಿದ್ದ ಮೇಲೆ ನಮ್ಮ ಕ್ರೀಡಾ ಸಂಸ್ಥೆಗಳಿಗೆ ನ್ಯಾಯಮೂರ್ತಿಗಳ ನೆನಪಾಗುತ್ತದೆ. ಕರೆದು ಕೂರಿಸುತ್ತಾರೆ, ಹಾರ ಹಾಕುತ್ತಾರೆ. ಆದರೆ ಅವರು ಕಡತ ತೆರೆದು ‘ಇದು ಆಗದು’ ಎಂದು ಬರೆದ ದಿನ ಆ ಸಂಸ್ಥೆಯ ನಿಜವಾದ ಬಣ್ಣ ಗೊತ್ತಾಗುತ್ತದೆ. ಚಿಕ್ಕಮಗಳೂರಿನಲ್ಲಿ ಮಕ್ಕಳ ಫುಟ್‌ಬಾಲ್ ಹಿಂದೆ ಓಡಾಡುವ ನನಗೆ ಈ ವಿಷಯ ದೂರದ್ದೆಂದು ಅನ್ನಿಸುವುದಿಲ್ಲ.

ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಬದುಕನ್ನೇ ನೋಡಿ. ತಂದೆ ವಿನಯಚಂದ್ರ ಮೌದ್ಗಲ್ಯರು 1939ರಲ್ಲಿ ದೆಹಲಿಯಲ್ಲಿ ಗಂಧರ್ವ ಮಹಾವಿದ್ಯಾಲಯ ಕಟ್ಟಿದ ಸಂಗೀತಗಾರರು. ಸಹೋದರಿ ಮಾಧವಿ ಒಡಿಸ್ಸಿ ಕಲಾವಿದೆ. ಸಹೋದರ ಮಧುಪ್ ನಮ್ಮ ಸುಳೇಭಾವಿಯ ಕುಮಾರ ಗಂಧರ್ವರ ಶಿಷ್ಯರು. ಅಂಥ ಮನೆಯ ಮಗ ವಕೀಲರಾಗಿ, 1998ರಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿಯಾಗಿ, 2009ರ ಕೊನೆಯಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ನಿವೃತ್ತಿಯ ನಂತರ ಆಟದ ಲೋಕ ಅವರನ್ನು ಬಿಡಲಿಲ್ಲ. ಐಪಿಎಲ್ ಸ್ಪಾಟ್ ಫಿಕ್ಸಿಂಗ್ ತನಿಖೆಗೆ 2013ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿಯ ಮುಖ್ಯಸ್ಥರಾದರು. 2015ರಲ್ಲಿ ಫಿರೋಜ್ ಷಾ ಕೋಟ್ಲಾ ಟೆಸ್ಟ್ ಪಂದ್ಯ ನಡೆಸುವ ಉಸ್ತುವಾರಿಯನ್ನೂ ದೆಹಲಿ ಹೈಕೋರ್ಟ್ ಅವರಿಗೇ ವಹಿಸಿತು. 2017ರಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಗವರ್ನೆನ್ಸ್ ಸಮಿತಿಯ ಅಧ್ಯಕ್ಷ ಸ್ಥಾನ ಬಂತು. ಫಿಫಾದ ಆಡಳಿತ ಮಂಡಳಿಯಾದ ಕೌನ್ಸಿಲ್‌ಗೆ ಯಾರು ಅರ್ಹರು ಎಂದು ಪರಿಶೀಲಿಸುವ ಸಮಿತಿ ಅದು.

ಆ ಕುರ್ಚಿ ತೆರವಾದದ್ದು ಹೇಗೆ ಎಂಬುದನ್ನು ಮರೆಯಬಾರದು. ಮುದ್ಗಲ್ ಅವರಿಗಿಂತ ಮೊದಲು ಅಲ್ಲಿದ್ದವರು ಪೋರ್ಚುಗಲ್‌ನ ಮಿಗೆಲ್ ಮದುರೊ, ಐರೋಪ್ಯ ನ್ಯಾಯಾಲಯದಲ್ಲಿ ಅಡ್ವೊಕೇಟ್ ಜನರಲ್ (ನ್ಯಾಯಮೂರ್ತಿಗಳಿಗೆ ಸ್ವತಂತ್ರ ಅಭಿಪ್ರಾಯ ಕೊಡುವವರು) ಆಗಿದ್ದವರು. ರಷ್ಯಾದ ಉಪಪ್ರಧಾನಿಯಾಗಿದ್ದ ವಿಟಾಲಿ ಮುಟ್ಕೊ ಕೌನ್ಸಿಲ್‌ಗೆ ಮತ್ತೆ ಸ್ಪರ್ಧಿಸುವಂತಿಲ್ಲ ಎಂದು ಅವರ ಸಮಿತಿ ಹೇಳಿತು. ಸರ್ಕಾರದ ಹುದ್ದೆಯಲ್ಲಿರುವವರು ಫುಟ್‌ಬಾಲನ್ನು ಆಳಬಾರದು ಎಂಬುದೇ ಕಾರಣ. 2018ರ ವಿಶ್ವಕಪ್ ನಡೆಸಲಿದ್ದ ದೇಶಕ್ಕೇ ಹೇಳಿದ ‘ಆಗದು’ ಅದು! ಎರಡೇ ತಿಂಗಳಲ್ಲಿ, ಫಿಫಾದ ಬಹರೇನ್ ಮಹಾಧಿವೇಶನದ ಹೊತ್ತಿಗೆ, ಮದುರೊ ಹುದ್ದೆ ಹೋಯಿತು. ಅದೇ ಸಮಿತಿಯಲ್ಲಿದ್ದ ದಕ್ಷಿಣ ಆಫ್ರಿಕಾದ ನವಿ ಪಿಳ್ಳೈ, ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ತೀರ್ಪು ಕೊಟ್ಟವರು, ರಾಜೀನಾಮೆ ಕೊಟ್ಟು ಹೊರನಡೆದರು. ಫಿಫಾ ಅಧ್ಯಕ್ಷರಾಗಿದ್ದ ಸೆಪ್ ಬ್ಲಾಟರ್ ಮತ್ತು ಯುರೋಪ್ ಫುಟ್‌ಬಾಲ್ ಮುಖ್ಯಸ್ಥರಾಗಿದ್ದ ಮಿಷೆಲ್ ಪ್ಲಾಟಿನಿಗೆ 2015ರಲ್ಲಿ ಎಂಟು ವರ್ಷ ನಿಷೇಧ ವಿಧಿಸಿದ್ದ, ಫಿಫಾ ನೀತಿ ಸಮಿತಿಯಲ್ಲಿದ್ದ ಜರ್ಮನಿಯ ನ್ಯಾಯಾಧೀಶ ಹಾನ್ಸ್ ಯೊಆಕಿಮ್ ಎಕರ್ಟ್ ಅವರಿಗೂ ಆಗಲೇ ಬೀಳ್ಕೊಡುಗೆ. ಮುದ್ಗಲ್ ಅವರ ಬಗ್ಗೆ ನನ್ನ ಗೌರವ ಇದರಿಂದ ಕಡಿಮೆಯಾಗಿಲ್ಲ. ಆದರೆ ಕೂರಿಸಿದವರೇ ಬೇಕೆಂದಾಗ ಎಬ್ಬಿಸಬಹುದಾದ ಕುರ್ಚಿಯಲ್ಲಿ ಎಂಥ ನ್ಯಾಯಮೂರ್ತಿ ಕುಳಿತರೂ ಅವರ ಕೈ ಅರ್ಧ ಕಟ್ಟಿರುತ್ತದೆ.

ನಮ್ಮ ದೇಶದ್ದೂ ಇಂಥದೇ ಕಥೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಚುನಾವಣೆ ಮುಂದೂಡುತ್ತಲೇ ಹೋದಾಗ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿ ಅನಿಲ್ ದವೆ ನೇತೃತ್ವದ ಆಡಳಿತ ಸಮಿತಿಯನ್ನು ನೇಮಿಸಿತು. ಇದು ಹೊರಗಿನವರ ಹಸ್ತಕ್ಷೇಪ ಎಂದು ಫಿಫಾ ಆಗಸ್ಟ್‌ನಲ್ಲಿ ಭಾರತವನ್ನೇ ಅಮಾನತು ಮಾಡಿತು. ಸಮಿತಿ ವಿಸರ್ಜನೆಯಾದ ಮೇಲೆ, ಆಗಸ್ಟ್ 26ಕ್ಕೆ, ಅಮಾನತು ತೆರವಾಯಿತು. ಅಷ್ಟರಲ್ಲಿ ಏಷ್ಯಾ ಮಟ್ಟದ ಕ್ಲಬ್ ಪಂದ್ಯಾವಳಿಗೆಂದು ತಾಷ್ಕೆಂಟ್ ತಲುಪಿದ್ದ ಗೋಕುಲಂ ಕೇರಳ ತಂಡದ ಹೆಣ್ಣುಮಕ್ಕಳು ಆಡದೆ ಮರಳಬೇಕಾಯಿತು. ಕಚೇರಿಯ ಜಗಳಕ್ಕೆ ಅಂಗಳದ ಮಕ್ಕಳು ದಂಡ ತೆತ್ತದ್ದು ಇವತ್ತಿಗೂ ನನಗೆ ಸಿಟ್ಟು ತರಿಸುತ್ತದೆ. ಫೆಡರೇಷನ್‌ನ ಹೊಸ ಸಂವಿಧಾನದ ಕರಡು ಬರೆದವರು ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್, ಹಿಂದೆ ವಕೀಲರಾಗಿದ್ದಾಗ ಮುದ್ಗಲ್ ಸಮಿತಿಯಲ್ಲೂ ಇದ್ದವರು. ಸುಪ್ರೀಂ ಕೋರ್ಟ್ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2025ರ ಸೆಪ್ಟೆಂಬರ್‌ನಲ್ಲಿ.

ಇನ್ನು ನಮ್ಮೂರಿನ ಮಾತು. ಜೂನ್ ಮಳೆ ಹಿಡಿದರೆ ಇಲ್ಲಿ ಕ್ರಿಕೆಟ್ ನಿಲ್ಲುತ್ತದೆ, ಫುಟ್‌ಬಾಲ್ ನಿಲ್ಲುವುದಿಲ್ಲ. ಕೆಸರಿನಲ್ಲಿ ಬಿದ್ದು ಎದ್ದು ಕಲಿತ ಮಕ್ಕಳು, ಅವರಲ್ಲಿ ಕಾಫಿ ತೋಟದ ಲೈನ್ ಮನೆಗಳಿಂದ ಬರುವವರೂ ಇದ್ದಾರೆ, ಆಯ್ಕೆ ಶಿಬಿರಕ್ಕೆ ಹೋಗುತ್ತಾರೆ. ಸಂಜೆ ಗೋಡೆಗೆ ಒಂದು ಹಾಳೆ ಅಂಟುತ್ತದೆ. ಹೆಸರು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಚೆನ್ನಾಗಿ ಆಡಿದ ಹುಡುಗಿಯೊಬ್ಬಳ ಹೆಸರು ಬಿಟ್ಟುಹೋದಾಗ ಅವಳ ತಂದೆ ನನ್ನನ್ನು ಕೇಳಿದರು: “ಸಾರ್, ಇವಳು ಎಲ್ಲಿ ಕಡಿಮೆಯಾದಳು ಎಂದು ಹೇಳಿದರೆ ಸಾಕು. ಮುಂದಿನ ವರ್ಷಕ್ಕೆ ಅದನ್ನೇ ಕಲಿಸೋಣ.” ಜನನ ಪತ್ರದ ತೊಡಕೋ, ಓಟ ಸಾಲದೆ ಹೋಯಿತೋ, ಇನ್ಯಾರದೋ ಶಿಫಾರಸೋ? ಆಯ್ಕೆ ಮಾಡಿದವರು ಬಾಯಿ ಬಿಡಲಿಲ್ಲ.

ನ್ಯಾಯಾಲಯದಲ್ಲಿ ಸೋತವನ ಕೈಗೂ ತೀರ್ಪಿನ ಪ್ರತಿ ಸಿಗುತ್ತದೆ. ಯಾಕೆ ಸೋತೆ ಎಂದು ಅದರಲ್ಲಿ ಬರೆದಿರುತ್ತದೆ, ಒಪ್ಪದಿದ್ದರೆ ಮೇಲ್ಮನವಿಗೆ ದಾರಿಯಿರುತ್ತದೆ. ನ್ಯಾಯಮೂರ್ತಿಗಳಿಂದ ಫುಟ್‌ಬಾಲ್ ಕಲಿಯಬೇಕಾದದ್ದು ಕಾರಣ ಬರೆಯುವ ಈ ಅಭ್ಯಾಸವನ್ನು. ಅದಕ್ಕೆ ದೊಡ್ಡ ಹಣವೂ ಬೇಡ, ಜ್ಯೂರಿಚ್‌ನಲ್ಲಿರುವ ಫಿಫಾದ ಅಪ್ಪಣೆಯೂ ಬೇಡ.

ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳ ಫುಟ್‌ಬಾಲ್ ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟು. ಈ ಮಳೆಗಾಲದ ಆಯ್ಕೆಗೆ ಮೊದಲೇ ನಿವೃತ್ತ ನ್ಯಾಯಾಧೀಶರೊಬ್ಬರು, ಹಳೆಯ ಆಟಗಾರ್ತಿಯೊಬ್ಬರು, ದೈಹಿಕ ಶಿಕ್ಷಕರೊಬ್ಬರು ಇರುವ ಮೂವರ ಮೇಲ್ಮನವಿ ಸಮಿತಿ ಮಾಡಿ. ಎರಡು ವರ್ಷ ಅವರನ್ನು ಯಾರೂ ತೆಗೆಯುವಂತಿಲ್ಲ ಎಂದು ನಿಯಮದಲ್ಲೇ ಬರೆಯಿರಿ. ಬಿಟ್ಟುಹೋದ ಪ್ರತಿ ಮಗುವಿಗೂ ಕನ್ನಡದಲ್ಲಿ ಎರಡು ಸಾಲಿನ ಕಾರಣ ಕೊಡಿ. ಮನವಿ ಪತ್ರ ಸಿದ್ಧವಿದೆ. ಸಹಿ ಹಾಕುವ ಪೋಷಕರು ಭಾನುವಾರ ಬೆಳಿಗ್ಗೆ ಬೋಸ್ ಮೈದಾನಕ್ಕೆ ಬನ್ನಿ.