ಬೇಜಾರಿಗೂ ಒಂದು ನಾರ್ಮಲ್ ರೇಂಜ್

ಎರಡು ವಾರದಿಂದ ನಿದ್ದೆ ಇಲ್ಲ, ಏಳೋಕೆ ಮನಸ್ಸಿಲ್ಲ, ಯಾವುದೂ ಬೇಡ ಅನ್ನಿಸುತ್ತಿದೆ ಎಂದು ಬಾಯಿಬಿಟ್ಟು ಹೇಳಿ ನೋಡಿ. ಯಾರೂ ನಂಬುವುದಿಲ್ಲ. "ಸುಮ್ನೆ ಏನೇನೋ ಯೋಚನೆ ಮಾಡ್ಬೇಡ" ಎಂಬ ಔಷಧಿ ತಕ್ಷಣ ಸಿಗುತ್ತದೆ. ಅದೇ ಮನುಷ್ಯ ಒಂದು ಕಾಗದ ಹಿಡಿದು "ನನಗೆ ಮ್ಯಾಲಾನ್‌ಡೈಆಲ್ಡಿಹೈಡ್ ಜಾಸ್ತಿ ಆಗಿದೆಯಂತೆ" ಅನ್ನಲಿ. ಮನೆಮಂದಿಯೆಲ್ಲ ಗಾಬರಿಯಾಗಿ ಕುರ್ಚಿ ತರುತ್ತಾರೆ. ಹೆಸರು ಹೇಳಲು ನಾಲಿಗೆ ತಿರುಗದ ವಸ್ತು ರಕ್ತದಲ್ಲಿದ್ದರೆ ಅದರ ಮರ್ಯಾದೆಯೇ ಬೇರೆ.

ಈ ಮರ್ಯಾದೆಯನ್ನು ಮಾರಲು, ರಕ್ತ ನೋಡಿಯೇ ಖಿನ್ನತೆ ಹೇಳುತ್ತೇವೆ ಎನ್ನುವ 'ಆಕ್ಸಿಡೇಟಿವ್ ಸ್ಟ್ರೆಸ್ ಪ್ಯಾಕೇಜು'ಗಳು ಬಂದಿವೆ. ಹಿಂದಿರುವ ವಿಜ್ಞಾನ ಸುಳ್ಳಲ್ಲ. ಜೀವಕೋಶ ಆಮ್ಲಜನಕ ಬಳಸುವಾಗ, ಸುತ್ತಲಿನದನ್ನು ಕೆಡಿಸುವ ಫ್ರೀ ರ್ಯಾಡಿಕಲ್‌ಗಳು ಹುಟ್ಟುತ್ತವೆ. ಅವನ್ನು ಅಡಗಿಸುವ ಏರ್ಪಾಡೂ, ಅಂದರೆ ಆ್ಯಂಟಿಆಕ್ಸಿಡೆಂಟ್, ದೇಹದಲ್ಲೇ ಇದೆ. ಅಡಗಿಸುವುದಕ್ಕಿಂತ ಹುಟ್ಟುವುದೇ ಹೆಚ್ಚಾದರೆ ಅದು ಆಕ್ಸಿಡೇಟಿವ್ ಸ್ಟ್ರೆಸ್. ಮಿದುಳಿನ ತೂಕ ದೇಹದ ಶೇ. 2ರಷ್ಟು ಮಾತ್ರ, ಆದರೆ ಸುಮಾರು ಶೇ. 20ರಷ್ಟು ಆಮ್ಲಜನಕ ಅದಕ್ಕೇ ಬೇಕು. ಖಿನ್ನತೆ ಇರುವವರ ಗುಂಪಿನಲ್ಲಿ, ಫ್ರೀ ರ್ಯಾಡಿಕಲ್‌ಗಳು ಕೊಬ್ಬನ್ನು ಕೆಡಿಸಿದಾಗ ಹುಟ್ಟುವ ಮ್ಯಾಲಾನ್‌ಡೈಆಲ್ಡಿಹೈಡ್ ಸರಾಸರಿ ಜಾಸ್ತಿ ಇರುತ್ತದೆ, ಚಿಕಿತ್ಸೆಯ ನಂತರ ಇಳಿಯುತ್ತದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಸಂಶೋಧಕರು ಹೇಳಿದ್ದು ಗುಂಪಿನ ಮಾತು. ಜಾಹೀರಾತಿಗೆ ಬರುವಷ್ಟರಲ್ಲಿ ಅದು ನಿಮ್ಮೊಬ್ಬರ ಜಾತಕವಾಗಿದೆ.

ಸಿಗರೇಟು ಸೇದಿದರೂ ಆ ಅಂಕಿ ಏರುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು ಇದ್ದರೂ ಏರುತ್ತದೆ. ಏದುಸಿರು ಬಿಡುತ್ತಾ ಓಡಿ ಬಂದು ಕೈ ಚಾಚಿದರೂ ಏರಬಹುದು. ರಕ್ತದ ಸ್ಯಾಂಪಲ್ಲನ್ನು ಸರಿಯಾಗಿ ಇಡದಿದ್ದರೆ ಟ್ಯೂಬಿನೊಳಗೇ ಏರುತ್ತದೆ, ಅಂದರೆ ಬೇಜಾರು ಟ್ಯೂಬಿಗೆ! ಯಾರು ಬಂದರೂ ಬೊಗಳುವ ನಾಯಿಯನ್ನು ಕಾವಲಿಗಿಟ್ಟು, ಇದು ಕಳ್ಳರನ್ನು ಮಾತ್ರ ಹಿಡಿಯುತ್ತದೆ ಎಂದ ಹಾಗಾಯಿತು.

ನನಗೆ ಅತಿ ಇಷ್ಟವಾದದ್ದು 'ಒಟ್ಟು ಆ್ಯಂಟಿಆಕ್ಸಿಡೆಂಟ್ ಸಾಮರ್ಥ್ಯ' ಎಂಬ ಸಾಲು. ಇದು ಜಾಸ್ತಿ ಇದ್ದಷ್ಟೂ ಒಳ್ಳೆಯದಂತೆ. ಈ ಅಂಕಿಗೆ ರಕ್ತದಲ್ಲಿ ದೊಡ್ಡ ಕೊಡುಗೆ ಯಾರದು ಗೊತ್ತೇ? ಯೂರಿಕ್ ಆಸಿಡ್‌ದು. ಹಾಗಾಗಿ ಆ ಆಸಿಡ್ ಜಾಸ್ತಿಯಾಗಿ ಗೌಟ್ ಬಂದು ಹೆಬ್ಬೆರಳು ಊದಿಸಿಕೊಂಡು, ಬೆಡ್‌ಶೀಟ್ ತಾಗಿದರೂ ಕಿರುಚುವ ಪುಣ್ಯಾತ್ಮನಿಗೆ ರಿಪೋರ್ಟಿನಲ್ಲಿ ಫಸ್ಟ್ ಕ್ಲಾಸು ಬರಬಹುದು. ರಿಪೋರ್ಟ್ ಪ್ರಕಾರ ಅವನು ಪರಮ ಸುಖಿ. ಅವನು ಬೈಯುತ್ತಿದ್ದರೆ ಅದು ಅವನ ಸ್ವಭಾವ ಇರಬೇಕು, ಅಲ್ವಾ?

ಇಂಥ ಸಂಭ್ರಮ ಹಿಂದೆಯೂ ಆಗಿತ್ತು. 1981ರ ಹೊತ್ತಿಗೆ ಡೆಕ್ಸಾಮೆಥಾಸೋನ್ ಪರೀಕ್ಷೆ ಬಂತು. ರಾತ್ರಿ ಒಂದು ಮಾತ್ರೆ, ಮರುದಿನ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಲೆಕ್ಕ, ಅದು ಇಳಿಯದಿದ್ದರೆ ತೀವ್ರ ಖಿನ್ನತೆ ಪತ್ತೆ! ಆಮೇಲೆ ನೋಡಿದರೆ ತೂಕ ಇಳಿದವರಲ್ಲೂ, ಕುಡಿತ ಬಿಡುತ್ತಿರುವವರಲ್ಲೂ ಅದು ಖಿನ್ನತೆ ಇದೆ ಎಂದು ತಪ್ಪಾಗಿ ತೋರಿಸುತ್ತಿತ್ತು. ಖಿನ್ನತೆ ಇದ್ದ ಎಷ್ಟೋ ಜನರಲ್ಲಿ ನಾರ್ಮಲ್ ಬರುತ್ತಿತ್ತು. ಸದ್ದಿಲ್ಲದೆ ಮೂಲೆ ಸೇರಿತು.

ರಿಪೋರ್ಟಿನ ಜೊತೆಗೇ ಆ್ಯಂಟಿಆಕ್ಸಿಡೆಂಟ್ ಮಾತ್ರೆಯ ಡಬ್ಬಿಯೂ ಬರುತ್ತದೆ. "ನ್ಯಾಚುರಲ್, ಏನೂ ತೊಂದರೆ ಇಲ್ಲ." ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ 29,000ಕ್ಕೂ ಹೆಚ್ಚು ಗಂಡಸರನ್ನು ಸೇರಿಸಿಕೊಂಡು ಒಂದು ಪ್ರಯೋಗ ನಡೆದಿತ್ತು. 1994ರಲ್ಲಿ ಫಲಿತಾಂಶ ಬಂದಾಗ, ಬೀಟಾ ಕ್ಯಾರೋಟಿನ್ ಎಂಬ ಆ್ಯಂಟಿಆಕ್ಸಿಡೆಂಟ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ ಕಂಡಿತ್ತು. ಡಬ್ಬಿಯ ಮೇಲೆ ಇಷ್ಟೆಲ್ಲ ಬರೆಯಲು ಜಾಗ ಎಲ್ಲಿದೆ ಪಾಪ.

ಇತ್ತ ವೈದ್ಯರ ಹತ್ತಿರ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಇದೆ. ನಿದ್ದೆ, ಹಸಿವು, ಆಸಕ್ತಿ, ಸಾಯುವ ಯೋಚನೆ ಎಲ್ಲವನ್ನೂ ಅದು ಕೇಳುತ್ತದೆ. ಅಂಕ 27ರವರೆಗೆ. ಆಮೇಲೆ ಎದುರು ಕೂತು ಮಾತಾಡಿ ವೈದ್ಯರು ಖಿನ್ನತೆ ಹೌದೋ ಅಲ್ಲವೋ ಹೇಳುತ್ತಾರೆ. ಸೂಜಿ ಇಲ್ಲ, ಮೆಷಿನ್ ಇಲ್ಲ. ಅದಕ್ಕೇ ಬೆಲೆಯೂ ಇಲ್ಲ.

ನನ್ನದೊಂದು ಸಲಹೆ. ಪ್ರಶ್ನೆ ಕೇಳುವ ಮೊದಲು ಒಂದು ಟ್ಯೂಬ್ ರಕ್ತ ತೆಗೆದುಬಿಡಿ. ಪರೀಕ್ಷೆ ಏನೂ ಬೇಡ, ಸುಮ್ನೆ ತೆಗೆಯಿರಿ. ತೋಳಿಗೆ ಹತ್ತಿ ಅಂಟಿಸಿ ಕಳಿಸಿ. ಆ ಹತ್ತಿ ನೋಡಿದರೆ ಬಾಸ್ ತಾನಾಗಿಯೇ ರಜೆ ಕೊಡುತ್ತಾರೆ.