ಫ್ಯಾಕ್ಸ್ ಫೋನಿಗಿಂತ ಹಳೆಯದು: ಒಂದು ಸ್ಪಷ್ಟನೆ

‘ವ್ಯವಹಾರಕ್ಕೆ ಮೊದಲು ತಂತಿ, ಆಮೇಲೆ ಫೋನ್, 1980ರಲ್ಲಿ ಫ್ಯಾಕ್ಸ್ ಹುಟ್ಟಿತು’ ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಫ್ಯಾಕ್ಸ್ ವಿಷಯ ತಪ್ಪು.

ತಂತಿಯಲ್ಲಿ ಬರಹದ ನಕಲು ಕಳಿಸುವ ವಿಧಾನಕ್ಕೆ ಅಲೆಕ್ಸಾಂಡರ್ ಬೇನ್ ಪೇಟೆಂಟ್ ಪಡೆದದ್ದು 1843ರಲ್ಲಿ. ಬೆಲ್‌ಗೆ ಫೋನಿನ ಪೇಟೆಂಟ್ ಸಿಕ್ಕಿದ್ದು 1876ರಲ್ಲಿ. ಅದಕ್ಕೂ ಮುಂಚೆ, 1865ರಲ್ಲೇ, ಪ್ಯಾರಿಸ್ ಮತ್ತು ಲಿಯಾನ್ ನಡುವೆ ಇಟಲಿಯ ಸಂಶೋಧಕ ಕಸೆಲ್ಲಿಯ ‘ಪ್ಯಾಂಟೆಲಿಗ್ರಾಫ್’ ಎಂಬ ಫ್ಯಾಕ್ಸ್ ಯಂತ್ರದ ಸೇವೆ ಶುರುವಾಗಿತ್ತು. ಲೋಹದ ಹಾಳೆಯ ಮೇಲೆ ವಿದ್ಯುತ್ ಹರಿಯದ ಶಾಯಿಯಲ್ಲಿ ಬರೆಯಬೇಕು. ಸೂಜಿಯೊಂದು ಅದನ್ನು ಗೆರೆಗೆರೆಯಾಗಿ ಸವರುತ್ತಿತ್ತು. ಆ ಕಡೆ ರಾಸಾಯನಿಕ ಹಚ್ಚಿದ ಕಾಗದದಲ್ಲಿ ಅದೇ ಬರಹ ಮೂಡುತ್ತಿತ್ತು. ಬ್ಯಾಂಕಿನವರು ಸಹಿ ತಾಳೆ ನೋಡಲು ಇದನ್ನು ಬಳಸುತ್ತಿದ್ದರು.

1980ರಲ್ಲಿ ಬಂದದ್ದು ಗ್ರೂಪ್ 3 ಎಂಬ, ಫ್ಯಾಕ್ಸ್ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡ. ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದಕ್ಕೊಂದು ಹೊಂದಿಕೊಂಡವು, ಕಚೇರಿಗಳಲ್ಲಿ ಫ್ಯಾಕ್ಸ್ ಹಬ್ಬಿತು. ಅಷ್ಟೊತ್ತಿಗೆ ಇಮೇಲ್ ಕೂಡ ಹುಟ್ಟಿಯಾಗಿತ್ತು, 1971ರಲ್ಲೇ!